ಛತ್ರದವನ ಲೆಕ್ಕದ ಪುಸ್ತಕ: ಬೀದರಿನ ಆಸ್ಪತ್ರೆಗಳ ಚರಿತ್ರೆ ನಮಗೆ ಕೇಳುವ ಪ್ರಶ್ನೆ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ ಒಳ್ಳೆಯ ಸಮಾರ್ಯದವನ ಸಾಮ್ಯವನ್ನು ನಾವು ಬೋಧಿಸುವಾಗ ನಮ್ಮ ಗಮನವೆಲ್ಲ ದಾರಿಯ ಮೇಲೆಯೇ ನಿಂತುಬಿಡುತ್ತದೆ. ಯಾಜಕನು ಹಾದುಹೋದನು, ಲೇವಿಯನು ಹಾದುಹೋದನು, ಪರದೇಶದವನೊಬ್ಬನು ಕನಿಕರಪಟ್ಟನು ಎಂಬಲ್ಲಿಗೆ ಪ್ರಸಂಗವು ಮುಗಿಯುತ್ತದೆ. ಆದರೆ ಸಾಮ್ಯವು ಅಲ್ಲಿ ಮುಗಿಯುವುದಿಲ್ಲ. ಗಾಯಗೊಂಡವನನ್ನು ಒಂದು ಛತ್ರಕ್ಕೆ ಸಾಗಿಸಲಾಗುತ್ತದೆ. ಮರುದಿನ ಎರಡು ನಾಣ್ಯಗಳು ಛತ್ರದವನ ಕೈಸೇರುತ್ತವೆ. ಇದಕ್ಕೂ ಹೆಚ್ಚು ವೆಚ್ಚವಾದರೆ ಹಿಂದಿರುಗಿ ಬರುವಾಗ ತೀರಿಸುವೆನೆಂಬ ಮಾತು ನಡೆಯುತ್ತದೆ. ಕನಿಕರವು ಒಂದು ಗಳಿಗೆಯ ಭಾವವಾಗಿ ಉಳಿಯದೆ ಹಾಸಿಗೆ, ಊಟ, ಔಷಧ, ಲೆಕ್ಕ ಎಂಬ ವ್ಯವಸ್ಥೆಯಾಗುವುದು ಇಲ್ಲಿಯೇ. ಆಸ್ಪತ್ರೆಗಳ ಚರಿತ್ರೆಯೆಂದರೆ ಒಂದರ್ಥದಲ್ಲಿ ಈ ಛತ್ರದವನ ಲೆಕ್ಕದ ಪುಸ್ತಕದ ಚರಿತ್ರೆ. ಆ ಪುಸ್ತಕವನ್ನು ಬೀದರಿನ ನೆಲದಲ್ಲಿ ನಿಂತು ಓದುವುದು ಈ ಲೇಖನದ ಉದ್ದೇಶ.

ಬೀದರ್ ಕರ್ನಾಟಕದ ಉತ್ತರದ ತುತ್ತತುದಿಯ ಜಿಲ್ಲೆ. ಇಲ್ಲಿ ಚಿನ್ನದ ಗಣಿಯಿಲ್ಲ, ಕಬ್ಬಿಣದ ಗಣಿಯಿಲ್ಲ. ಆದರೂ ಇದು ಅಗೆದು ಕಟ್ಟಿದ ಊರು. ಕೋಟೆಯ ಮೂರು ಸಾಲಿನ ಕಂದಕವನ್ನು ಕೆಂಪು ಜಂಬಿಟ್ಟಿಗೆಯ ಬಂಡೆಯಲ್ಲಿಯೇ ಕಡಿದು ತೆಗೆಯಲಾಗಿದೆ. ಮಳೆಯ ನೀರು ಈ ಜಂಬಿಟ್ಟಿಗೆಯೊಳಗೆ ಇಂಗಿ, ಕೆಳಗಿನ ಕಪ್ಪು ಬಸಾಲ್ಟ್ ಶಿಲೆಯ ಮೇಲೆ ನಿಲ್ಲುತ್ತದೆಂಬುದನ್ನು ಅರಿತವರು ನೌಬಾದಿನಲ್ಲಿಯೂ ಇತರೆಡೆಯೂ ಕರೇಜ್ ಎಂಬ ಸುರಂಗ ಕಾಲುವೆಗಳನ್ನು ತೋಡಿಸಿದರು. ಕಂದಕವನ್ನು ಕಡಿದವರ, ಸುರಂಗದೊಳಗೆ ಇಳಿದವರ ಹೆಸರು ಯಾವ ಶಾಸನದಲ್ಲಿಯೂ ಕಾಣುವುದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿಸುತ್ತೇವೆ; ಆಸ್ಪತ್ರೆಯ ಕಥೆಯಲ್ಲಿಯೂ ಇದೇ ಮಾತು ಮರಳಿ ಬರುತ್ತದೆ.

ಅರಸನ ಆಸ್ಪತ್ರೆ

ಬಹಮನಿ ಸುಲ್ತಾನ ಒಂದನೆಯ ಅಹಮದ್ ಶಾಹನು ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಅವನ ಮಗ ಎರಡನೆಯ ಅಲಾವುದ್ದೀನ್ ಅಹಮದನು 1436ರಿಂದ 1458ರವರೆಗೆ ಆಳಿದನು. ಬೀದರಿನಲ್ಲಿ ಒಂದು ದೊಡ್ಡ ಆಸ್ಪತ್ರೆಯನ್ನು ಕಟ್ಟಿಸಿದ ಕೀರ್ತಿ ಇವನಿಗೆ ಸಲ್ಲುತ್ತದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಜಯಪುರದ ಆದಿಲಶಾಹಿ ಆಸ್ಥಾನದಲ್ಲಿದ್ದು ದಖನ್ನಿನ ಚರಿತ್ರೆಯನ್ನು ಬರೆದ ಫಿರಿಶ್ತಾ ಇದನ್ನು ದಾಖಲಿಸಿದ್ದಾನೆ. ರೋಗಿಗಳ ಔಷಧಕ್ಕೂ ಆಹಾರಕ್ಕೂ ತಗಲುವ ವೆಚ್ಚಕ್ಕಾಗಿ ಕೆಲವು ಹಳ್ಳಿಗಳ ಹುಟ್ಟುವಳಿಯನ್ನು ದತ್ತಿಯಾಗಿ ಬಿಡಲಾಗಿತ್ತು. ಚಿಕಿತ್ಸೆಗೆ ಮುಸ್ಲಿಂ ಹಕೀಮರನ್ನೂ ಹಿಂದೂ ವೈದ್ಯರನ್ನೂ ನೇಮಿಸಲಾಗಿತ್ತು.

ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ಔಷಧದ ಜೊತೆಗೆ ಆಹಾರವನ್ನೂ ದತ್ತಿಯಲ್ಲಿ ಸೇರಿಸಿದ್ದು. ಬಡವನಿಗೆ ರೋಗವು ದೇಹದ ಬಾಧೆ ಮಾತ್ರವಲ್ಲ. ದುಡಿಮೆ ನಿಂತು ಒಲೆ ಆರುವುದೂ ರೋಗದ ಭಾಗವೇ. ಇದನ್ನು ಐದುನೂರು ವರ್ಷಗಳಿಗೂ ಹಿಂದಿನ ಆಡಳಿತವು ಅರಿತಿತ್ತು. ಎರಡನೆಯದು, ಎರಡು ವೈದ್ಯಪದ್ಧತಿಗಳು ಒಂದೇ ಸೂರಿನಡಿ ನಿಂತದ್ದು. ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಯ ಕಲ್ಯಾಣದ ಶರಣರ ನಡುವೆ ವೈದ್ಯ ಸಂಗಣ್ಣನಂಥವರು ಇದ್ದರೆಂಬುದನ್ನು ನೆನೆದರೆ, ನಾಡಿ ಹಿಡಿಯುವ ವಿದ್ಯೆಯು ಈ ಭಾಗಕ್ಕೆ ಹೊಸತೇನೂ ಆಗಿರಲಿಲ್ಲವೆಂಬುದು ತಿಳಿಯುತ್ತದೆ. ಸುಲ್ತಾನನು ಅದಕ್ಕೆ ಮನೆಯನ್ನೂ ಅನ್ನವನ್ನೂ ಒದಗಿಸಿದನು.

ಕ್ರೈಸ್ತ ಸಭೆಯ ಚರಿತ್ರೆಯನ್ನು ಬಲ್ಲ ಓದುಗರಿಗೆ ಇಲ್ಲಿ ಕಪ್ಪದೋಕ್ಯದ ಬಸಿಲನು ನೆನಪಾಗುವುದು ಸಹಜ. ಕ್ರಿ.ಶ. 370ರ ಆಸುಪಾಸಿನಲ್ಲಿ, ಘೋರವಾದ ಬರಗಾಲದ ಬೆನ್ನಿಗೆ, ಅವನು ಕೈಸರೈಯ ಪಟ್ಟಣದ ಹೊರಗೆ ರೋಗಿಗಳಿಗೂ ಕುಷ್ಠರಿಗೂ ದಿಕ್ಕಿಲ್ಲದವರಿಗೂ ಒಂದು ದೊಡ್ಡ ಆಶ್ರಯವನ್ನು ಕಟ್ಟಿಸಿದನು. ಅವನ ಮಿತ್ರನಾದ ನಜಿಯಾಂಜಸ್ಸಿನ ಗ್ರೆಗೊರಿಯು ಅದನ್ನು ಒಂದು ಹೊಸ ಪಟ್ಟಣಕ್ಕೆ ಹೋಲಿಸಿದನು. ಬೀದರಿನ ಸುಲ್ತಾನನು ಬಸಿಲನನ್ನು ಅನುಸರಿಸಿದನೆಂದು ನಾವು ಹೇಳುತ್ತಿಲ್ಲ. ಕನಿಕರವು ವ್ಯವಸ್ಥೆಯಾಗಬೇಕಾದರೆ ಹಾಸಿಗೆ, ಅನ್ನ, ನಿಶ್ಚಿತವಾದ ಆದಾಯ ಇವು ಮೂರೂ ಬೇಕೆಂಬ ಅರಿವು ಒಂದೇ ಧರ್ಮದ ಸೊತ್ತಲ್ಲವೆಂಬುದಷ್ಟೇ ನಮ್ಮ ಮಾತು.

ಆದರೆ ಲೆಕ್ಕದ ಪುಸ್ತಕವನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಹಳ್ಳಿಗಳ ಹುಟ್ಟುವಳಿಯೆಂದರೆ ಏನು? ಅದು ಜೋಳ ಬಿತ್ತಿ ಬೆಳೆದವನ ಪಾಲು. ದಾನಿಯ ಹೆಸರು ಸುಲ್ತಾನನದು, ಧಾನ್ಯವು ರೈತನದು. ಆಸ್ಪತ್ರೆಯ ಬಾಗಿಲಿಗೆ ಬಂದ ಬಡರೋಗಿಯು ಅರಸನ ಕೃಪೆಯನ್ನು ಉಂಡನೆಂದು ಚರಿತ್ರಕಾರನು ಬರೆದನು. ನಿಜದಲ್ಲಿ ಅವನು ಉಂಡದ್ದು ತನ್ನಂಥವರ ಬೆವರನ್ನೇ. 1481ರಲ್ಲಿ ಮಹಮೂದ್ ಗವಾನನ ವಧೆಯಾದ ಮೇಲೆ ಬಹಮನಿ ರಾಜ್ಯವು ಒಡೆಯಿತು. ಗವಾನನು 1472ರಲ್ಲಿ ಕಟ್ಟಿಸಿದ ಮದ್ರಸಾ ಅರೆಮುರಿದಾದರೂ ಇಂದಿಗೂ ನಿಂತಿದೆ. ಪ್ರವಾಸಿಗರು ಅದನ್ನು ನೋಡಿ ಬೆರಗಾಗುತ್ತಾರೆ. ಆಸ್ಪತ್ರೆಯನ್ನು ಕೇಳಿಕೊಂಡು ಬರುವವರು ವಿರಳ. ಕಲ್ಲಿನ ಕಟ್ಟಡವು ಅರಸನಿಲ್ಲದೆಯೂ ನಿಲ್ಲಬಲ್ಲದು; ಆರೈಕೆಯು ದಿನದಿನದ ಅನ್ನವಿಲ್ಲದೆ ನಿಲ್ಲಲಾರದು.

ಗಣಿಯ ಆಸ್ಪತ್ರೆ

ಅರಸನ ಸ್ಥಾನದಲ್ಲಿ ಕಂಪೆನಿಯು ಬಂದಾಗ ಈ ಲೆಕ್ಕವು ಹೇಗೆ ಬದಲಾಯಿತೆಂಬುದನ್ನು ತಿಳಿಯಲು ನಾವು ಬೀದರನ್ನು ಒಂದು ಗಳಿಗೆ ಬಿಟ್ಟು ನಮ್ಮ ರಾಜ್ಯದ ಮತ್ತೊಂದು ತುದಿಗೆ ಹೋಗಬೇಕು. ಕೋಲಾರದ ಚಿನ್ನದ ಗಣಿಗಳನ್ನು 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ನಡೆಸಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಆ ಗಣಿಗಳಲ್ಲಿ ದುಡಿದವರಲ್ಲಿ ಬಹುಪಾಲು ಜನರು ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ದಲಿತರು. ಕಂಪೆನಿಯು ಅಲ್ಲಿ ಆಸ್ಪತ್ರೆಯನ್ನು ಕಟ್ಟಿತು. ಬಂಡೆ ಸಿಡಿದು ಗಾಯಗೊಂಡವರಿಗೆ, ಪ್ಲೇಗಿಗೆ ತುತ್ತಾದವರಿಗೆ ಅದು ಆಸರೆಯಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಲ್ಲಿನ ಧೂಳು ಶ್ವಾಸಕೋಶವನ್ನು ಹೊಕ್ಕು ಉಂಟುಮಾಡುವ ಸಿಲಿಕೋಸಿಸ್ ರೋಗದ ವ್ಯಾಪ್ತಿಯು 1940ರ ದಶಕದ ಕ್ಷ-ಕಿರಣ ಪರೀಕ್ಷೆಗಳಲ್ಲಿ ಬೆಳಕಿಗೆ ಬರುವ ಹೊತ್ತಿಗೆ ಗಣಿಗೆ ಅರ್ಧ ಶತಮಾನಕ್ಕೂ ಹೆಚ್ಚು ವಯಸ್ಸಾಗಿತ್ತು. ದುಡಿಸುವವನೇ ಗುಣಪಡಿಸುವವನೂ ಆದಾಗ ಯಾವ ರೋಗವನ್ನು ಕಾಣಬೇಕು, ಯಾವುದನ್ನು ಕಾಣದೆ ಇರಬೇಕು ಎಂಬ ಪ್ರಶ್ನೆಯೂ ಲಾಭನಷ್ಟದ ಪುಟವನ್ನು ಸೇರುತ್ತದೆ.

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, ಮುಂದೆ ಕೇಂದ್ರ ಸರ್ಕಾರದ ಕೈಗೆ ಬಂದವು, 2001ರಲ್ಲಿ ಮುಚ್ಚಿದವು. ಚಿನ್ನದೊಡನೆ ಆಸ್ಪತ್ರೆಯೂ ನಿಂತಿತು. ಆದರೂ 2021ರ ಕೋವಿಡ್ ದಿನಗಳಲ್ಲಿ, ಎರಡು ದಶಕ ಪಾಳುಬಿದ್ದಿದ್ದ ಅದೇ ಕಟ್ಟಡವನ್ನು ಸ್ವಯಂಸೇವಕರು ಗುಡಿಸಿ ತೊಳೆದು ಮತ್ತೆ ರೋಗಿಗಳಿಗಾಗಿ ಸಿದ್ಧಪಡಿಸಿದರು. ಕಂಪೆನಿಯು ಕೈಬಿಟ್ಟದ್ದನ್ನು ಊರಿನವರು ಎತ್ತಿಕೊಂಡರು. ಬೀದರಿನಂತೆಯೇ ಹಿಂದೆ ನಿಜಾಮರ ಆಡಳಿತದಲ್ಲಿದ್ದ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯು ಇಂದಿಗೂ ನಡೆಯುತ್ತಿದೆ. ಗಣಿಯ ಆಸ್ಪತ್ರೆಯೂ ಇದೆ. ಆದುದರಿಂದ ಈ ಪ್ರಶ್ನೆಯು ನಮ್ಮ ಕಲ್ಯಾಣ ಕರ್ನಾಟಕಕ್ಕೆ ಗತಕಾಲದ ಪ್ರಶ್ನೆಯಲ್ಲ.

ಮಿಷನ್ನಿನ ಆಸ್ಪತ್ರೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಖನ್ನಿನ ಮೇಲೆ ಎರಡು ಭೀಕರ ಬರಗಾಲಗಳು ಎರಗಿದವು; 1896-97 ಮತ್ತು 1899-1900ರ ಆ ವರ್ಷಗಳ ಜೊತೆಗೆ ಪ್ಲೇಗ್ ಕೂಡ ಬಂದಿತು. ನಿಜಾಮರ ರಾಜ್ಯದ ಈ ಭಾಗದಲ್ಲಿ ಅಮೆರಿಕದ ಮೆಥೊಡಿಸ್ಟ್ ಸಭೆಯ ಮಿಷನ್ ಕಾರ್ಯವು ಬೇರೂರಿದ್ದು ಅದೇ ಕಾಲಘಟ್ಟದಲ್ಲಿ. ಶಾಲೆ, ದೇವಾಲಯ, ಆಸ್ಪತ್ರೆ ಎಂಬ ಮೂರು ಕಂಬಗಳ ಮೇಲೆ ಆ ಕಾರ್ಯವು ನಿಂತಿತು. ಬೀದರಿನ ಮಿಷನ್ ಆಸ್ಪತ್ರೆಯಂತೆಯೇ ಅದೇ ಸಭೆಯು 1910ರಲ್ಲಿ ಕೋಲಾರದಲ್ಲಿ ಎಲನ್ ಥೋಬರ್ನ್ ಕೋವನ್ ಸ್ಮಾರಕ ಆಸ್ಪತ್ರೆಯನ್ನು ತೆರೆಯಿತು. ಅದು ಚಿನ್ನದ ಗಣಿಗಳಿಗೆ ಹೆಚ್ಚು ದೂರವಿರಲಿಲ್ಲ.

ಈ ಆಸ್ಪತ್ರೆಗಳ ಲೆಕ್ಕವನ್ನು ನಾವು ಎರಡು ಬಗೆಯಲ್ಲಿ ಓದಬೇಕಾಗಿದೆ. ಕೃತಜ್ಞತೆಯ ಓದು ಒಂದು. ಪರದೆಯೊಳಗಿದ್ದ ಸ್ತ್ರೀಯರಿಗೆ ಸ್ತ್ರೀವೈದ್ಯರು ದೊರೆತರು. ಮುಟ್ಟಬಾರದವರೆಂದು ದೂರವಿಟ್ಟವರ ನಾಡಿಯನ್ನು ಮುಟ್ಟಿ ಹಿಡಿಯುವ ಕೈಗಳು ಬಂದವು. ದಲಿತ ಮನೆಗಳ ಹೆಣ್ಣುಮಕ್ಕಳು ದಾದಿಯರಾಗಿ ಬಿಳಿಯ ಉಡುಪಿನಲ್ಲಿ ಊರ ನಡುವೆ ತಲೆಯೆತ್ತಿ ನಡೆದರು. ಪಶ್ಚಾತ್ತಾಪದ ಓದು ಇನ್ನೊಂದು. ಔಷಧವನ್ನು ಸುವಾರ್ತೆಯ ಗಾಳವನ್ನಾಗಿ ಎಣಿಸಿದ ಪತ್ರಗಳನ್ನೂ ವರದಿಗಳನ್ನೂ ಮಿಷನ್ ಚರಿತ್ರೆಯಲ್ಲಿ ಓದಿದವರು ನಾವು. ಸಮಾರ್ಯದವನು ಗಾಯಗೊಂಡವನ ಮತವನ್ನು ಕೇಳಲಿಲ್ಲ. ಗುಣವಾದ ಮೇಲೆ ತನ್ನ ಗುಡ್ಡದ ಮೇಲೆ ಆರಾಧನೆಗೆ ಬರಬೇಕೆಂದು ಕರಾರು ಬರೆಸಿಕೊಳ್ಳಲೂ ಇಲ್ಲ. ಕರ್ತನ ಈ ಸಾಮ್ಯವು ಮೊದಲು ನಮ್ಮ ಮೇಲೆಯೇ ತೀರ್ಪು ಹೇಳುತ್ತದೆ.

ಇನ್ನು, ಮಿಷನ್ ಆಸ್ಪತ್ರೆಯ ಹಣ ಯಾರದು? ಫಲಕಗಳ ಮೇಲೆ ದೊಡ್ಡ ದಾನಿಗಳ ಹೆಸರುಗಳಿರಬಹುದು. ಆದರೆ ಅದರ ಬಹುಭಾಗವು ಕಡಲಾಚೆಯ ಸಾಮಾನ್ಯ ಸಭೆಗಳಲ್ಲಿ ಸ್ತ್ರೀಯರು ಚಿಲ್ಲರೆ ಕಾಸುಗಳಾಗಿ ಕೂಡಿಟ್ಟದ್ದು. ನಮ್ಮ ಹಳ್ಳಿಯ ಸಭೆಗಳು ಸುಗ್ಗಿಯ ಹಬ್ಬದಂದು ತಂದು ಸುರಿದ ಜೋಳ, ತೊಗರಿ, ಹೆಸರು ಕಾಳುಗಳೂ ಆ ಸೇವೆಯ ಪಾಲೇ. ಫಲಕದ ಮೇಲೆ ಈ ಹೆಸರುಗಳಿಲ್ಲ. ಅಡುಗೆಯವಳ, ಕಸಗುಡಿಸುವವನ, ಇರುಳೆಲ್ಲ ಎಚ್ಚರವಿದ್ದ ದಾದಿಯ ಹೆಸರೂ ಇಲ್ಲ. ಸಾಮ್ಯದ ಛತ್ರದವನಿಗೂ ಹೆಸರಿಲ್ಲ.

ಪ್ರಜೆಗಳ ಆಸ್ಪತ್ರೆ

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯವನ್ನು ಸೇರಿತು. ಹಳೆಯ ಜಿಲ್ಲೆಯ ಉದಗೀರ್, ನಿಲಂಗಾ ಮೊದಲಾದ ತಾಲೂಕುಗಳು ಮರಾಠಿ ಸೀಮೆಗೆ ಹೋದವು. ಜಹೀರಾಬಾದ್, ನಾರಾಯಣಖೇಡ್ ತೆಲುಗು ಸೀಮೆಗೆ ಹೋದವು. ಗಡಿಯು ನಕ್ಷೆಯಲ್ಲಿ ಬಂದಿತೇ ಹೊರತು ರೋಗಿಯ ಕಾಲುಗಳಿಗೆ ಬರಲಿಲ್ಲ. ಭಾಲ್ಕಿಯವರು ಇಂದಿಗೂ ಉದಗೀರಿಗೂ ಲಾತೂರಿಗೂ ಹೋಗುತ್ತಾರೆ. ಔರಾದಿನವರು ದೇಗಲೂರು, ನಾಂದೇಡಗಳ ದಾರಿ ಹಿಡಿಯುತ್ತಾರೆ. ಕೈಯಲ್ಲಿ ಕಾಸಿದ್ದವರು ಹೈದರಾಬಾದಿಗೆ ಹೋಗುತ್ತಾರೆ. ಭಾಲ್ಕಿಗೆ ರೈಲಿದೆ, ಔರಾದಿಗೆ ಇಲ್ಲ. ಬೆಂಗಳೂರು ಇವರಿಗೆ ಸುಮಾರು ಏಳುನೂರು ಕಿಲೋಮೀಟರ್ ದೂರ.

ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ನೀಡಿದ ವರದಿಯು ಔರಾದನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತು. 2007ರಲ್ಲಿ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಆರಂಭವಾಯಿತು. ಸಂವಿಧಾನದ 371(ಜೆ) ವಿಧಿಯು ಈ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ವಿಶೇಷ ಅವಕಾಶವನ್ನು ಕೊಟ್ಟಿತು. ಅದರ ಫಲವಾಗಿ ಇಲ್ಲಿಯ ಮಕ್ಕಳು ವೈದ್ಯರಾಗುವ ಬಾಗಿಲು ಅಗಲವಾಯಿತು. ಇವೆಲ್ಲವೂ ಪ್ರಜೆಗಳ ತೆರಿಗೆಯಿಂದ ನಡೆಯುವ ಛತ್ರಗಳು. ಹಾಗಿದ್ದರೂ ಸರ್ಕಾರಿ ಆಸ್ಪತ್ರೆಯ ಅಂಗಳದಲ್ಲಿ ಮರದಡಿಗೆ ಬುತ್ತಿ ಬಿಚ್ಚಿ ಕುಳಿತ ರೋಗಿಯ ಕಡೆಯವರನ್ನು ನೋಡುವಾಗ, ಔಷಧದೊಡನೆ ಆಹಾರಕ್ಕೂ ಹಳ್ಳಿಗಳನ್ನು ಬಿಟ್ಟ ಹದಿನೈದನೆಯ ಶತಮಾನದ ದತ್ತಿಯು ನಮಗೆ ನೆನಪಾಗುತ್ತದೆ.

ಧರ್ಮವೋ, ಋಣವೋ?

ಅರಸ, ಕಂಪೆನಿ, ಮಿಷನ್, ಸರ್ಕಾರ ಎಂಬ ನಾಲ್ವರು ದಾನಿಗಳ ಹೆಸರುಗಳನ್ನು ನಾವು ಕಂಡೆವು. ನಾಲ್ಕೂ ಪುಟಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಹಿಂದಿನಿಂದ ಕಾಣುವ ಕೈ ಒಂದೇ. ಬಿತ್ತಿದ ರೈತ, ಗಣಿಗಿಳಿದ ಕೂಲಿ, ಕಾಸು ಕೂಡಿಟ್ಟ ಬಡ ಹೆಂಗಸು, ಬೆಂಕಿಪೆಟ್ಟಿಗೆಗೂ ತೆರಿಗೆ ತೆತ್ತ ಪ್ರಜೆ. ಆಸ್ಪತ್ರೆಗೆ ಬರುವ ಬಡರೋಗಿಯು ಭಿಕ್ಷೆ ಬೇಡಲು ಬರುವವನಲ್ಲ. ತಾನೂ ತನ್ನ ಹಿರಿಯರೂ ಮೊದಲೇ ಸಲ್ಲಿಸಿದ್ದನ್ನು ಪಡೆಯಲು ಬರುವವನು. ಹಾಗಾದರೆ ಆರೈಕೆಯು ಮೇಲಿನಿಂದ ಕೆಳಕ್ಕೆ ಇಳಿಯುವ ಧರ್ಮವಲ್ಲ, ತೀರಿಸಬೇಕಾದ ಋಣ.

ಈ ಮಾತು ನಮ್ಮ ಸಭೆಗಳಿಗೆ ಇಂದು ತುರ್ತಿನದು. ಕಡಲಾಚೆಯ ನೆರವು ಕಡಿಮೆಯಾದ ಮೇಲೆ ಮಿಷನ್ ಕಾಲದ ಆಸ್ಪತ್ರೆಗಳಲ್ಲಿ ಹಲವು ಬಡವಾಗಿವೆ. ಕೆಲವೆಡೆ ಅವುಗಳ ಅಂಗಳಗಳು ಅಂಗಡಿಸಾಲುಗಳ ಕನಸು ಕಾಣುತ್ತಿವೆ. ದಾನಿ ಹೋದನು, ಆದುದರಿಂದ ಬಾಗಿಲು ಮುಚ್ಚುತ್ತೇವೆ ಎಂಬುದು ಅರಸನ ಮತ್ತು ಕಂಪೆನಿಯ ತರ್ಕ; ಸಭೆಗೆ ಅದು ಸಲ್ಲದು. ಪ್ರತಿ ಊರಿನಲ್ಲಿ ದೊಡ್ಡ ಆಸ್ಪತ್ರೆಯನ್ನು ನಡೆಸಲು ನಮಗೆ ಶಕ್ತಿಯಿಲ್ಲದಿರಬಹುದು. ಆದರೆ ಔರಾದಿನಿಂದ ಬಸ್ಸು ಹತ್ತಿ ಬಂದ ಬಸುರಿಯ ಜೊತೆಗೆ ನಿಲ್ಲಲು, ಜೊತೆಗೆ ಬಂದವರಿಗೆ ರೊಟ್ಟಿ ಪಲ್ಯ ಒದಗಿಸಲು, ಮರಾಠಿಯನ್ನೋ ಲಂಬಾಣಿಯನ್ನೋ ಮಾತ್ರ ಬಲ್ಲ ಮುದುಕನ ನೋವನ್ನು ವೈದ್ಯರಿಗೆ ತಿಳಿಸಿ ಹೇಳಲು ಕಡಲಾಚೆಯ ಹಣವೇನೂ ಬೇಕಿಲ್ಲ.

ಸಮಾರ್ಯದವನು ತಾನು ಹಿಂದಿರುಗಿ ಬರುವೆನೆಂದು ಹೇಳಿ ಹೋಗಿದ್ದಾನೆ. ಅವನು ಬರುವ ತನಕ ಗಾಯಗೊಂಡವನು ನಮ್ಮ ಛತ್ರದಲ್ಲಿಯೇ ಇದ್ದಾನೆ. ಎರಡು ನಾಣ್ಯಗಳು ಮುಗಿದವೆಂಬ ಕಾರಣಕ್ಕೆ ಅವನನ್ನು ಮತ್ತೆ ದಾರಿಗೆ ತಂದು ಮಲಗಿಸುವ ಹಕ್ಕು ನಮಗೆ ಇಲ್ಲ.