ನಲ್ಲಿ ನೀರಲ್ಲೂ ಇದೆ, ಉಪ್ಪಿನ ಡಬ್ಬದಲ್ಲೂ ಇದೆ: ಏನಿದು ಹ್ಯಾಲೊಜನ್? ಯಾವಾಗ ಅಪಾಯ?

ಮುಂಬೈ: ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ತುಳಸಿ ಕೆರೆ ತುಂಬಿ ಹರಿಯಿತು ಎಂಬ ಸುದ್ದಿ ಮಳೆಗಾಲದಲ್ಲಿ ಸಾಮಾನ್ಯ. ಮಹಾನಗರಕ್ಕೆ ಕುಡಿಯುವ ನೀರು ಕೊಡುವ ಏಳು ಜಲಾಶಯಗಳಲ್ಲಿ ಇದು ಅತಿ ಚಿಕ್ಕದು. ನೀರು ಯಾವ ಜಲಾಶಯದ್ದೇ ಆಗಿರಲಿ, ಮನೆಯ ನಲ್ಲಿಗೆ ಬರುವ ಮೊದಲು ಅದಕ್ಕೆ ಕ್ಲೋರಿನ್ ಬೆರೆಸಲಾಗುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದಾಗ ಮೂಗಿಗೆ ಬಡಿಯುವ ವಾಸನೆ ಅದರದ್ದೇ.

ಇದೇ ಕ್ಲೋರಿನ್ 2010ರ ಜುಲೈ 14ರಂದು ಇದೇ ನಗರದ ಶಿವಡಿಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗೆ ಸೇರಿಸಿತ್ತು. ಬಂದರಿನ ಹಾಜಿ ಬಂದರ್ ಪ್ರದೇಶದಲ್ಲಿ ವರ್ಷಗಳಿಂದ ಬಿದ್ದಿದ್ದ ಹಳೆಯ ಸಿಲಿಂಡರ್‌ನಿಂದ ಅನಿಲ ಸೋರಿತ್ತು. ಇನ್ನು ನಾವು ದಿನವೂ ತಿನ್ನುವ ಅಡುಗೆ ಉಪ್ಪಿನ ತೂಕದಲ್ಲಿ ಶೇ 60ರಷ್ಟು ಕ್ಲೋರಿನ್ನೇ! ಒಂದೇ ಧಾತು ಒಂದು ಕಡೆ ವಿಷ, ಇನ್ನೊಂದು ಕಡೆ ಆಹಾರ. ಇದು ಹೇಗೆ?

ಒಂದು ಇಲೆಕ್ಟ್ರಾನ್ ಕೊರತೆ

ಆವರ್ತ ಕೋಷ್ಟಕದ 17ನೇ ಗುಂಪಿನಲ್ಲಿರುವ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಧಾತುಗಳನ್ನು ಹ್ಯಾಲೊಜನ್‌ಗಳು ಎನ್ನುತ್ತಾರೆ. ಗ್ರೀಕ್ ಮೂಲದ ಈ ಹೆಸರಿಗೆ ‘ಉಪ್ಪು ಹುಟ್ಟಿಸುವುದು’ ಎಂದರ್ಥ. ಕೆಳಗಿನ ಅಸ್ಟಟೀನ್ ಮತ್ತು ಟೆನ್ನೆಸೀನ್ ವಿಕಿರಣಶೀಲ, ಕ್ಷಣಿಕ. ಪರೀಕ್ಷೆಗೆ ಹೆಸರು ನೆನಪಿಟ್ಟುಕೊಂಡರೆ ಸಾಕು.

ಈ ಎಲ್ಲ ಪರಮಾಣುಗಳ ಹೊರಕವಚದಲ್ಲಿ ಏಳು ಇಲೆಕ್ಟ್ರಾನ್‌ಗಳಿವೆ. ಎಂಟಾಗಲು ಒಂದು ಕಡಿಮೆ. ಆ ಒಂದಕ್ಕಾಗಿ ಇವು ಎದುರಿಗೆ ಸಿಕ್ಕ ಲೋಹ, ಬಟ್ಟೆಯ ಬಣ್ಣ, ಬ್ಯಾಕ್ಟೀರಿಯಾದ ಜೀವಕೋಶ, ನಮ್ಮ ಶ್ವಾಸಕೋಶ ಯಾವುದನ್ನೂ ಬಿಡುವುದಿಲ್ಲ. ಇಲೆಕ್ಟ್ರಾನ್ ಸಿಕ್ಕ ಮೇಲೆ ಮಾತ್ರ ಶಾಂತ. ಸೋಡಿಯಂ ತನ್ನ ಒಂದು ಇಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟಾಗ ಆಗುವುದೇ ಸೋಡಿಯಂ ಕ್ಲೋರೈಡ್, ಅಂದರೆ ಉಪ್ಪು. ‘ಕ್ಲೋರಿನ್’ ಹಸಿದದ್ದು, ‘ಕ್ಲೋರೈಡ್’ ಹೊಟ್ಟೆ ತುಂಬಿದ್ದು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಹ್ಯಾಲೊಜನ್ ಪಾಠದ ಅರ್ಧ ಮುಗಿದಂತೆ.

ಗುಂಪಿನಲ್ಲಿ ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತದೆ, ಇಲೆಕ್ಟ್ರಾನ್ ಸೆಳೆಯುವ ಬಲ ಕುಗ್ಗುತ್ತದೆ. ಫ್ಲೋರಿನ್ ತಿಳಿ ಹಳದಿ ಅನಿಲ, ಕ್ಲೋರಿನ್ ಹಸಿರು ಮಿಶ್ರಿತ ಹಳದಿ ಅನಿಲ, ಬ್ರೋಮಿನ್ ಕೆಂಗಂದು ದ್ರವ. ಅಯೋಡಿನ್ ಹೊಳೆಯುವ ಕಪ್ಪು ಹರಳು, ಕಾಯಿಸಿದರೆ ನೇರಳೆ ಆವಿ. ಫ್ಲೋರಿನ್ ಎಷ್ಟು ಉಗ್ರವೆಂದರೆ ಅದನ್ನು ಪ್ರತ್ಯೇಕಿಸಲು 1886ರವರೆಗೆ ಯಾರಿಗೂ ಆಗಿರಲಿಲ್ಲ. ಅದನ್ನು ಸಾಧಿಸಿದ ಫ್ರಾನ್ಸಿನ ಹೆನ್ರಿ ಮೊಯ್ಸಾನ್‌ಗೆ 1906ರಲ್ಲಿ ನೊಬೆಲ್ ಬಂತು. ಅದೇ ಫ್ಲೋರಿನ್ ಕಾರ್ಬನ್ ಜತೆ ಗಟ್ಟಿಯಾಗಿ ಬೆಸೆದುಕೊಂಡಾಗ ದೋಸೆ ಅಂಟದ ನಾನ್‌ಸ್ಟಿಕ್ ಕಾವಲಿಯ ಲೇಪನವಾಗುತ್ತದೆ.

ಮೇಲಿನದು ಕೆಳಗಿನದನ್ನು ಹೊರದಬ್ಬುತ್ತದೆ. ಬಣ್ಣವಿಲ್ಲದ ಪೊಟ್ಯಾಸಿಯಂ ಅಯೋಡೈಡ್ ದ್ರಾವಣಕ್ಕೆ ಕ್ಲೋರಿನ್ ನೀರು ಹಾಕಿದರೆ ಅಯೋಡಿನ್ ಬಿಡುಗಡೆಯಾಗಿ ದ್ರಾವಣ ಕಂದಾಗುತ್ತದೆ. ತಿರುಗಿಸಿ ಮಾಡಿದರೆ, ಅಂದರೆ ಕ್ಲೋರೈಡ್‌ಗೆ ಅಯೋಡಿನ್ ಹಾಕಿದರೆ, ಏನೂ ಆಗದು. ಇದೇ ಸ್ಥಾನಪಲ್ಲಟ ಕ್ರಿಯೆ. ಗುಜರಾತ್‌ನ ಕಛ್‌ನಲ್ಲಿ ಉಪ್ಪುನೀರಿನಿಂದ ಬ್ರೋಮಿನ್ ತೆಗೆಯುವ ಕಾರ್ಖಾನೆಗಳು ನಡೆಯುವುದೂ ಇದರ ಮೇಲೆಯೇ.

ಎರಡು ಬಾಟಲಿ ಬೆರೆಸಬೇಡಿ

ಕ್ಲೋರಿನ್ ನೀರಿನೊಂದಿಗೆ ಸೇರಿದಾಗ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಪೋಕ್ಲೋರಸ್ ಆಮ್ಲ ಉಂಟಾಗುತ್ತವೆ. ರೋಗಾಣು ಕೊಲ್ಲುವುದು ಎರಡನೆಯದು. ನಲ್ಲಿ ತಲುಪುವಾಗಲೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನದಂಡ. ದಾರಿಯಲ್ಲಿ ಪೈಪ್ ಒಡೆದು ಕೊಳೆ ಸೇರಿದರೂ ರಕ್ಷಣೆ ಇರಲಿ ಎಂದು. ಹಾಗಾಗಿ ಲಘು ವಾಸನೆಗೆ ಗಾಬರಿ ಬೇಡ. ಪಾತ್ರೆಯಲ್ಲಿ ಸ್ವಲ್ಪ ಹೊತ್ತು ತೆರೆದಿಟ್ಟರೆ ಅಥವಾ ಕುದಿಸಿದರೆ ಅದು ಕಡಿಮೆಯಾಗುತ್ತದೆ.

ಆದರೆ ಇದೇ ರಾಸಾಯನಿಕ ಕ್ರಿಯೆ ಹಿಂದಕ್ಕೂ ನಡೆಯುತ್ತದೆ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ‘ಎರಡೂ ಹಾಕಿದರೆ ಇನ್ನೂ ಚೆನ್ನಾಗಿ ಹೊಳೆಯುತ್ತೆ’ ಎಂದು ಮುಂಬೈ ಫ್ಲ್ಯಾಟ್‌ಗಳ ಕಿಷ್ಕಿಂಧೆಯಂಥ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬೆರೆಸಿದರೆ ಕಣ್ಣುರಿ, ಕೆಮ್ಮು, ಉಸಿರುಗಟ್ಟುವಿಕೆ ನಿಮಿಷಗಳಲ್ಲಿ ಶುರು. ಅಮೋನಿಯಾ ಇರುವ ಕ್ಲೀನರ್ ಜತೆ ಬ್ಲೀಚ್ ಸೇರಿದರೂ ಕ್ಲೋರಮಿನ್ ಎಂಬ ವಿಷಾನಿಲ ಹುಟ್ಟುತ್ತದೆ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ತಿಳಿಸಿ, ಯಾಕೆಂದರೆ ಬಾಟಲಿ ಹಿಡಿಯುವವರು ಸಾಮಾನ್ಯವಾಗಿ ಅವರೇ.

ಅನಿಲ ಬಂದೇಬಿಟ್ಟರೆ? ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲಮಟ್ಟದಲ್ಲೇ ಹರಡುತ್ತದೆ. ಬೆಂಕಿಯ ಹೊಗೆಯಲ್ಲಿ ಬಗ್ಗಿ ನಡೆಯಬೇಕು ಎಂಬ ಪಾಠ ಇಲ್ಲಿ ತಿರುಗುಮುರುಗು. ಕೂರಬಾರದು, ಮಲಗಬಾರದು. ಕೂಡಲೇ ಹೊರಬಂದು ತೆರೆದ ಗಾಳಿಗೆ ಹೋಗಬೇಕು. ಶಿವಡಿಯಂಥ ಸೋರಿಕೆಯಾದರೆ ಗಾಳಿ ಬೀಸಿ ಬರುವ ದಿಕ್ಕಿನತ್ತ, ಎತ್ತರದ ಜಾಗಕ್ಕೆ ಸರಿಯಬೇಕು. ಕಣ್ಣು, ಚರ್ಮವನ್ನು ಹೆಚ್ಚು ನೀರಿನಿಂದ ತೊಳೆಯಬೇಕು. ಉಸಿರಾಟದ ತೊಂದರೆ ಇದ್ದರೆ ಆಸ್ಪತ್ರೆಗೆ.

ಕುದಿಸಿದರೆ ಹೋಗದ ಫ್ಲೋರೈಡ್

ಅಯೋಡಿನ್ ವಿಷಯ ಮನೆಯಲ್ಲೇ ನೋಡಬಹುದು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್‌ನ ಒಂದು ಹನಿಯನ್ನು ಹೆಚ್ಚಿದ ಆಲೂಗಡ್ಡೆ ಮೇಲೆ ಬಿಟ್ಟರೆ ಪಿಷ್ಟದ ಕಾರಣ ಕಡುನೀಲಿಯಾಗುತ್ತದೆ. ಥೈರಾಯ್ಡ್‌ಗೆ ಬೇಕಾದ ಅಯೋಡಿನ್ ನಮಗೆ ಸಿಗುವುದು ಉಪ್ಪಿಗೆ ಬೆರೆಸಿದ ಪೊಟ್ಯಾಸಿಯಂ ಅಯೋಡೇಟ್‌ನಿಂದ. ತೇವಾಂಶ ತಾಗಿದರೆ ಅದು ಕ್ರಮೇಣ ಕಡಿಮೆಯಾಗುವುದರಿಂದ ಉಪ್ಪಿನ ಡಬ್ಬದ ಮುಚ್ಚಳ ಬಿಗಿಯಾಗಿರಲಿ.

ಫ್ಲೋರೈಡ್ ಮಾತ್ರ ಕರ್ನಾಟಕದವರಿಗೆ ಹಳೆಯ ತಲೆನೋವು. ಕೋಲಾರ, ಪಾವಗಡ, ಮುಂಡರಗಿ ಕಡೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಬಂಡೆಗಳಿಂದ ಕರಗಿದ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶ. ಅಲ್ಪ ಪ್ರಮಾಣದಲ್ಲಿ ಹಲ್ಲಿನ ಹೊರಪದರ ಗಟ್ಟಿ ಮಾಡುವ ಇದೇ ಫ್ಲೋರೈಡ್, ಮಿತಿ ಮೀರಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡಿಸುತ್ತದೆ. ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳನ್ನು ಬಿಗಿಯಾಗಿಸುತ್ತದೆ. ಇಲೆಕ್ಟ್ರಾನ್ ಪಡೆದು ಶಾಂತವಾದದ್ದೆಲ್ಲ ನಿರಪಾಯಕಾರಿ ಅಲ್ಲ ಎಂಬುದಕ್ಕೆ ಇದೇ ಉದಾಹರಣೆ.

ಕ್ಲೋರಿನ್‌ಗೆ ಮಾಡಿದಂತೆ ಫ್ಲೋರೈಡ್ ನೀರನ್ನು ಕುದಿಸಿ ಪ್ರಯೋಜನವಿಲ್ಲ. ಅದು ಅನಿಲವಲ್ಲ, ನೀರಿನಲ್ಲಿ ಕರಗಿದ ಅಯಾನು. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಆರ್‌ಒ ಯಂತ್ರ ಅಥವಾ ಸಕ್ರಿಯ ಅಲ್ಯೂಮಿನಾ ಬಳಸುವ ಫಿಲ್ಟರ್ ಬೇಕು, ಇಲ್ಲವೇ ಕುಡಿಯಲು ಮಳೆ ನೀರು ಹಿಡಿದಿಟ್ಟುಕೊಳ್ಳಬೇಕು.