ರಾಯಲ್ಟಿ ಕೇಳಿದವನ ಕೋವಿ

ಇವತ್ತಿನ ಕಂತು ಒಂದು ಕೋವಿಯ ಬಗ್ಗೆ. ನನಗೆ ಗನ್ ಹುಚ್ಚು ಏನೂ ಇಲ್ಲ, ಮೊದಲೇ ಹೇಳಿಬಿಡ್ತೀನಿ. ಬಿ.ಕಾಂ. ಓದಿದವನಿಗೆ ಈ ಕಥೆಯಲ್ಲಿ ಹಿಡಿಸಿದ್ದು ಒಂದೇ ಪದ: ರಾಯಲ್ಟಿ.

ಅಮೆರಿಕದ ಯೂಟಾದಲ್ಲಿ ಜಾನ್ ಬ್ರೌನಿಂಗ್ ಅಂತ ಒಬ್ಬ ಇದ್ದ. ತನ್ನ ವಿನ್ಯಾಸಗಳನ್ನ ವರ್ಷಗಟ್ಟಲೆ ವಿಂಚೆಸ್ಟರ್ ಕಂಪನಿಗೆ ಒಂದೇ ಗಂಟಿಗೆ ಮಾರ್ತಿದ್ದ. ಅವು ಎಷ್ಟೇ ಖರ್ಚಾದರೂ ಅವನಿಗೆ ಆ ಒಂದು ಸಲದ ದುಡ್ಡು, ಅಷ್ಟೇ. 1900ರಲ್ಲಿ ಅವನಿಗೆ ಹೊಸ ಶಾಟ್‌ಗನ್ನಿಗೆ ಪೇಟೆಂಟ್ ಸಿಕ್ತು. ಹಾರಿಸಿದ ಮೇಲೆ ಖಾಲಿ ತೋಟಾನ ತಾನೇ ಹೊರಗೆಸೆದು, ಮುಂದಿನದನ್ನ ತಾನೇ ತುಂಬಿಕೊಳ್ಳುವ ಕೋವಿ ಅದು. ಈ ಸಲ ಅವನು ಮಾರಾಟದಲ್ಲಿ ಪಾಲು ಕೇಳಿದ. ವಿಂಚೆಸ್ಟರ್ ಒಪ್ಪಲಿಲ್ಲ.

ರೆಮಿಂಗ್ಟನ್ ಬಾಗಿಲು ತಟ್ಟಿದ. 1902ರ ಜನವರಿ 8. ಆಫೀಸಿನಲ್ಲಿ ಕಾಯ್ತಾ ಕೂತಿದ್ದಾಗಲೇ ಸುದ್ದಿ ಬಂತು, ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ಸತ್ತುಹೋದ ಅಂತ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದ. ಅಲ್ಲಿನ ಎಫ್‌ಎನ್ ಕಂಪನಿ ಕೈ ಹಿಡೀತು. ಅದೇ ಆಟೋ-5.

ಅದರ ಒಳಗಿನ ಲೆಕ್ಕಾಚಾರ ನೋಡಿ. ಗುಂಡು ಹಾರಿದಾಗ ಕೋವಿ ಒದೆಯುತ್ತಲ್ಲ, ಆ ಒದೆತಕ್ಕೆ ನಳಿಗೆ ಮತ್ತು ಅದರ ಬೆನ್ನಿಗಿರುವ ಬೋಲ್ಟ್ ಎರಡೂ ಅಂಟಿಕೊಂಡೇ ಹಿಂದಕ್ಕೆ ಸರಿಯುತ್ವೆ, ತೋಟಾದ ಉದ್ದಕ್ಕಿಂತ ಹೆಚ್ಚು ದೂರ. ಅಲ್ಲಿ ಬೋಲ್ಟ್ ಸಿಕ್ಕಿಕೊಳ್ಳುತ್ತೆ, ನಳಿಗೆ ಒಂದೇ ಮುಂದೆ ಹೋಗುತ್ತೆ. ಆ ಸಂದಿಯಲ್ಲಿ ಖಾಲಿ ತೋಟಾ ಹೊರಗೆ. ಆಮೇಲೆ ಬೋಲ್ಟ್ ಹೊಸದನ್ನ ತಳ್ಳಿಕೊಂಡು ಮುಂದೆ. ಹಗುರ ತೋಟಾಗೆ ಒಂದು ಥರ, ಭಾರದ್ದಕ್ಕೆ ಇನ್ನೊಂದು ಥರ ಅಂತ ಒಳಗಿನ ಉಂಗುರಗಳನ್ನ ಬೇರೆ ಬದಲಿಸಿ ಜೋಡಿಸಬೇಕು.

ಇತ್ತ ವಿಂಚೆಸ್ಟರಿಗೆ ಹೊಟ್ಟೆ ಉರಿ. 1911ರಲ್ಲಿ ತನ್ನದೇ ಮಾಡೆಲ್ ತಂತು. ಆದರೆ ಬೋಲ್ಟ್ ಎಳೆಯುವ ಹಿಡಿ ಬ್ರೌನಿಂಗ್ ಪೇಟೆಂಟಿನಲ್ಲಿತ್ತು. ಅದಕ್ಕೆ ಇವರು ಹಿಡಿಯನ್ನೇ ಕೈಬಿಟ್ಟು, ನಳಿಗೆಯನ್ನೇ ಕೈಯಲ್ಲಿ ಹಿಂದಕ್ಕೆ ಎಳೆಯುವ ಹಾಗೆ ಮಾಡಿದರು. ಆಗಿನ ತೋಟಾ ಕಾಗದದ್ದು, ತೇವಕ್ಕೆ ಊದಿಕೊಂಡು ಸಿಕ್ಕಿಕೊಳ್ತಿತ್ತು. ಜನ ಕೋವಿಯ ಬುಡವನ್ನ ನೆಲಕ್ಕೂರಿ ನಳಿಗೆಯನ್ನ ಕೆಳಕ್ಕೆ ಒತ್ತುತ್ತಿದ್ದರು, ಬಾಯಿ ಮುಖದ ಕಡೆಗೇ! ಕೆಲವೊಮ್ಮೆ ಅದು ಹಾರಿಬಿಡ್ತಿತ್ತು. ಅದಕ್ಕೆ ಬಿದ್ದ ಅಡ್ಡಹೆಸರು ‘ವಿಡೋಮೇಕರ್’, ಹೆಂಡತಿಯನ್ನ ವಿಧವೆ ಮಾಡುವ ಕೋವಿ. ರಾಯಲ್ಟಿ ಉಳಿಸೋಕೆ ಹೋಗಿ ಹುಟ್ಟಿದ ವಿನ್ಯಾಸ ಇದು. ಇದನ್ನ ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಮುಂದೆ ಗ್ಯಾಸ್ ಕಾಲ. 1963ರ ರೆಮಿಂಗ್ಟನ್ 1100ರಲ್ಲಿ ನಳಿಗೆ ಕದಲಲ್ಲ. ಅದರ ಸಣ್ಣ ತೂತುಗಳಿಂದ ಒಂದಿಷ್ಟು ಬಿಸಿ ಗ್ಯಾಸ್ ನುಗ್ಗಿ ಪಿಸ್ಟನ್ ತಳ್ಳುತ್ತೆ, ಪಿಸ್ಟನ್ ಬೋಲ್ಟನ್ನ ತಳ್ಳುತ್ತೆ. ಭುಜಕ್ಕೆ ಒದೆತ ಕಮ್ಮಿ. ಆದರೆ ಮಸಿ ಕೂರುತ್ತೆ, ಉಜ್ಜಿ ತೊಳೀತಾನೇ ಇರಬೇಕು.

ಮೂರನೆಯದು ಇಟಲಿಯದು. ನಮ್ಮ ರಸ್ತೆಗಳಲ್ಲಿ ಓಡಾಡೋ ಬೆನೆಲ್ಲಿ ಬೈಕ್ ಗೊತ್ತಲ್ವಾ? ಅದೇ ಮನೆತನ 1967ರಲ್ಲಿ ಕೋವಿ ಕಂಪನಿ ಶುರು ಮಾಡಿತು. ಬ್ರೂನೋ ಚಿವೊಲಾನಿಯ ಉಪಾಯ ಅವರ ಬಂಡವಾಳ. ಬಸ್ಸು ದಿಢೀರ್ ಹೊರಟರೆ ನಿಂತವರು ಹಿಂದಕ್ಕೆ ವಾಲ್ತಾರಲ್ಲ, ಅದೇ ಸೂತ್ರ ಉಲ್ಟಾ. ಕೋವಿ ಪೂರ್ತಿ ಹಿಂದಕ್ಕೆ ಒದೆಯುವಾಗ ಭಾರದ ಬೋಲ್ಟ್ ಮಾತ್ರ ಇದ್ದಲ್ಲೇ ಇರಕ್ಕೆ ನೋಡುತ್ತೆ. ನಡುವಿನ ಗಟ್ಟಿ ಸ್ಪ್ರಿಂಗ್ ಅಮುಕಿಕೊಂಡು, ಚಿಮ್ಮಿ, ಬೋಲ್ಟನ್ನ ಹಿಂದಕ್ಕೆ ಎಸೆಯುತ್ತೆ. ಪಿಸ್ಟನ್ ಇಲ್ಲ, ಒಳಗೆ ಮಸಿಯೂ ಕಮ್ಮಿ. ತೀರಾ ಹಗುರ ತೋಟಾ ಹಾಕಿದರೆ ಮಾತ್ರ ಕೆಲವು ಸಲ ಮುಷ್ಕರ ಹೂಡುತ್ತೆ.

ಹಳೇ ಆಟೋ-5 ತಯಾರಿಕೆ 1990ರ ದಶಕದ ಕೊನೆಯಲ್ಲಿ ನಿಂತಿತು. 2012ರಲ್ಲಿ ಬ್ರೌನಿಂಗ್ ಕಂಪನಿ ಅದೇ ಗೂನು ಬೆನ್ನಿನ ಆಕಾರದಲ್ಲಿ ಎ5 ಅಂತ ಹೊಸದನ್ನ ತಂತು. ಬಿಚ್ಚಿ ನೋಡಿದರೆ ಒಳಗೆ ನಡೀತಿರೋದು ಇಟಲಿಯವರ ಆ ಸ್ಪ್ರಿಂಗ್ ಲೆಕ್ಕವೇ.