ಬೋರ್ಡೋ ಕೆಂಪು ವೈನಿನ ಮಾಗುವಿಕೆ: ಒಂದು ರುಚಿಯ ಚರಿತ್ರೆ

ವೈನ್ ಹಳೆಯದಾದಷ್ಟೂ ಹಿತ ಎಂಬ ಮಾತು ಮಧ್ಯಯುಗದ ಬೋರ್ಡೋದಲ್ಲಿ ಸಲ್ಲುತ್ತಿರಲಿಲ್ಲ. 1152ರಲ್ಲಿ, ಬೋರ್ಡೋವನ್ನು ಒಳಗೊಂಡಿದ್ದ ಅಕ್ವಿಟೇನಿನ ಒಡತಿ ಎಲಿನಾರ್ ಹೆನ್ರಿ ಪ್ಲಾಂಟಾಜೆನೆಟನನ್ನು ವರಿಸಿದಳು. ಎರಡು ವರ್ಷಗಳ ಬಳಿಕ ಅವನು ಇಂಗ್ಲೆಂಡಿನ ದೊರೆಯಾದಾಗ ನೈಋತ್ಯ ಫ್ರಾನ್ಸಿನ ಈ ಬಂದರಿಗೆ ದೊಡ್ಡ ಮಾರುಕಟ್ಟೆ ದೊರೆಯಿತು. ಆದರೆ ಹಡಗೇರುತ್ತಿದ್ದ ‘ಕ್ಲಾರೆ’ ತಿಳಿಗೆಂಪಿನ ಎಳೆಯ ವೈನ್. ಮರದ ಪೀಪಾಯಿಗಳಲ್ಲಿ ಅದು ಬೇಗ ಹುಳಿಯಾಗುತ್ತಿದ್ದುದರಿಂದ, ಹೊಸ ಸುಗ್ಗಿಯ ವೈನ್ ಬಂದೊಡನೆ ಹಳೆಯದರ ಬೆಲೆ ಕುಸಿಯುತ್ತಿತ್ತು.

ಮಾಗುವಿಕೆಗೆ ಬೇಕಾದ ಸಲಕರಣೆಗಳು ಒಂದೊಂದಾಗಿ ಕೂಡಿಬಂದದ್ದು 17 ಮತ್ತು 18ನೆಯ ಶತಮಾನಗಳಲ್ಲಿ. ಪೀಪಾಯಿಯೊಳಗೆ ಗಂಧಕದ ಬತ್ತಿ ಉರಿಸಿ ವೈನ್ ಕೆಡದಂತೆ ಕಾಯುವ ಕ್ರಮವನ್ನು ಡಚ್ ವರ್ತಕರು ರೂಢಿಗೆ ತಂದರು. ಬೋರ್ಡೋ ಸೀಮೆಯ ಮೆದೋಕಿನ ಜೌಗು ನೆಲವನ್ನು ಬಸಿದು ಒಣಗಿಸಿದವರೂ ಡಚ್ ತಂತ್ರಜ್ಞರೇ. ಅಲ್ಲಿನ ಜಲ್ಲಿನೆಲ ಮುಂದೆ ಕ್ಯಾಬರ್ನೇ ಸೋವಿನ್ಯೋಂ ದ್ರಾಕ್ಷಿಯ ತವರಾಯಿತು. 1663ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನಲ್ಲಿ ಬೋರ್ಡೋದ ಓ-ಬ್ರಿಯೋಂ ತೋಟದ ವೈನ್ ಕುಡಿದುದನ್ನು ತನ್ನ ದಿನಚರಿಯಲ್ಲಿ ದಾಖಲಿಸಿದ. ವೈನನ್ನು ತೋಟದ ಹೆಸರಿನಿಂದ ಗುರುತಿಸುವ ಪದ್ಧತಿ ಆಗಲೇ ಮೊಳೆತಿತ್ತು. ಕಲ್ಲಿದ್ದಲ ಕುಲುಮೆಯ ಗಟ್ಟಿ ಗಾಜಿನ ಸೀಸೆ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದೂ ಆ ಶತಮಾನದಲ್ಲಿಯೇ. ಮುಂದಿನ ಶತಮಾನದಲ್ಲಿ ಸೀಸೆ ಉರುಳೆಯಾಕಾರ ತಳೆಯಿತು. ಅದನ್ನು ಅಡ್ಡ ಮಲಗಿಸಿದರೆ ವೈನ್ ತಾಗಿ ಕಾರ್ಕಿನ ಬಿರಡೆ ಒಣಗದೆ ಉಳಿಯುತ್ತದೆ, ಗಾಳಿ ಒಳನುಗ್ಗುವುದಿಲ್ಲ. 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಕೆಂಪು ವೈನುಗಳನ್ನು ಐದು ದರ್ಜೆಗಳಲ್ಲಿ ವರ್ಗೀಕರಿಸಿದಾಗ ಮೊದಲ ದರ್ಜೆ ದೊರೆತದ್ದು ಲಾಫೀತ್, ಲಾತೂರ್, ಮಾರ್ಗೋ ಮತ್ತು ಓ-ಬ್ರಿಯೋಂಗಳಿಗೆ. 1973ರಲ್ಲಿ ಮೂತೋಂ ಈ ಸಾಲಿಗೆ ಸೇರಿತು.

ಮಾಗುವಿಕೆಯ ಕಾರಣವನ್ನು ವಿಜ್ಞಾನ ಶೋಧಿಸಿದ್ದು ತಡವಾಗಿ. 1866ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಲೂಯಿ ಪಾಶ್ಚರ್ ಇದನ್ನು ಆಮ್ಲಜನಕದ ನಿಧಾನಗತಿಯ ಕೆಲಸವೆಂದು ವಿವರಿಸಿದ. ಪೀಪಾಯಿಯ ಹಂತಕ್ಕೆ ಆ ವಿವರಣೆ ಒಪ್ಪುತ್ತದೆ. ಸೀಸೆಯೊಳಗಿನ ಬದಲಾವಣೆ ಬಹುಮಟ್ಟಿಗೆ ಗಾಳಿಯ ಹಂಗಿಲ್ಲದೆ ಸಾಗುತ್ತದೆ ಎಂಬುದು 20ನೆಯ ಶತಮಾನದಲ್ಲಿ, ಬೋರ್ಡೋದ ಝಾಂ ರಿಬೆರೋ-ಗಯೋಂ ಮುಂತಾದವರ ಅಧ್ಯಯನಗಳಿಂದ ಸ್ಪಷ್ಟವಾಯಿತು. ದ್ರಾಕ್ಷಿಯ ಸಿಪ್ಪೆಯಿಂದ ಬಂದ ಬಣ್ಣದ ಅಣುಗಳೂ ಒಗರು ಕೊಡುವ ಟ್ಯಾನಿನ್‌ಗಳೂ ವರ್ಷಗಟ್ಟಲೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಭಾರವಾಗಿ ತಳದಲ್ಲಿ ಗಸಿಯಾಗಿ ಕೂರುತ್ತವೆ.

ಮಾಗಿದ ಬೋರ್ಡೋದ ಲಕ್ಷಣಗಳು ಇದರ ಫಲ. ಎಳೆಯದರಲ್ಲಿ ನೇರಳೆ ಛಾಯೆಯಿದ್ದ ಬಣ್ಣ ಮೊದಲು ಮಾಣಿಕ್ಯದ ಕೆಂಪಿಗೆ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಗ್ಲಾಸನ್ನು ಓರೆಯಾಗಿ ಹಿಡಿದರೆ ಅಂಚಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಪ್ಪು ಹಣ್ಣುಗಳ ತಾಜಾ ಪರಿಮಳ ಒಣಹಣ್ಣಿನ ವಾಸನೆಗೆ ಇಳಿದು, ದೇವದಾರು ಮರ, ತಂಬಾಕು, ಹದಮಾಡಿದ ತೊಗಲು, ಅಣಬೆ, ಕಾಡಿನ ಒದ್ದೆ ತರಗೆಲೆಗಳನ್ನು ನೆನಪಿಸುವ ಘಮ ಮೇಲೇಳುತ್ತದೆ. ನಾಲಿಗೆಯಲ್ಲಿ ಎಳೆ ಅಡಕೆಯಂತೆ ಹಿಡಿಯುತ್ತಿದ್ದ ಒಗರು ನಯವಾಗುತ್ತದೆ. ಹುಳಿ ಮಾತ್ರ ಹೆಚ್ಚು ಕುಗ್ಗದೆ ಉಳಿದು ರುಚಿಗೆ ಬೆನ್ನೆಲುಬಾಗುತ್ತದೆ. ನುಂಗಿದ ಮೇಲೂ ಸ್ವಾದ ಬಹಳ ಹೊತ್ತು ನಿಲ್ಲುವುದು ಉತ್ತಮ ವೈನಿನ ಗುರುತು.

ಗಸಿ ಬೆರೆತರೆ ಕಹಿ ಬರುವುದರಿಂದ ಸೀಸೆಯನ್ನು ಮೊದಲೇ ನೆಟ್ಟಗೆ ನಿಲ್ಲಿಸಿಟ್ಟು, ತಿಳಿಯನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸುವುದು ವಾಡಿಕೆ. ತೀರಾ ಹಳೆಯ ವೈನಿನ ಸೂಕ್ಷ್ಮ ಘಮ ಗಾಳಿಗೆ ಬೇಗ ಆರುತ್ತದೆ. ಅದನ್ನು ಬಗ್ಗಿಸಿದೊಡನೆ ಬಡಿಸಬೇಕು. ಎಲ್ಲ ವೈನೂ ಕಾಯಲು ತಕ್ಕದ್ದಲ್ಲ. ಟ್ಯಾನಿನ್, ಹುಳಿ ಮತ್ತು ಹಣ್ಣಿನ ಸಾಂದ್ರತೆ ಮೂರೂ ಇದ್ದವು ಮಾತ್ರ ದಶಕಗಳನ್ನು ದಾಟುತ್ತವೆ. ಅವೂ ತಮ್ಮ ಹದ ಮೀರಿದರೆ ಹಣ್ಣಿನ ಸ್ವಾದ ಬತ್ತಿ, ಹುಳಿಯಷ್ಟೇ ಉಳಿಯುತ್ತದೆ.